ಕಟ್ಟಿದವರು, ಕಟ್ಟಿಸಿದವರು

ಕಲಬುರ್ಗಿಯ ಐವಾನ್-ಎ-ಶಾಹಿ ನಿಜಾಮರ ಆಳಿಕೆಯ ಕಾಲದಲ್ಲಿ ಅತಿಥಿಗೃಹವೆಂದು ಎದ್ದ ಸೌಧ. ಪಾರಸಿಯ ಆ ಹೆಸರಿಗೆ ರಾಜಮಂದಿರವೆಂದು ಅರ್ಥ. ಅರಸನ ಪದವಿಯು ಹೆಸರಿನಲ್ಲಿ ನೆಲೆನಿಂತಿತು. ಕಲ್ಲು ಕಡಿದು, ಗಾರೆ ಕಲಸಿ, ಗೋಡೆಯನ್ನೆತ್ತಿದವರ ಸುಳಿವು ಅದರಲ್ಲಿಲ್ಲ. ಹಾಗಾದರೆ ಒಂದು ಕಟ್ಟಡವನ್ನು ಕಟ್ಟಿದವರೆಂದು ಯಾರನ್ನು ಕರೆಯಬೇಕು?

ಕನ್ನಡ ನುಡಿಯು ಈ ವಿಷಯದಲ್ಲಿ ಬಹಳ ಎಚ್ಚರವುಳ್ಳದ್ದು. ‘ಕಟ್ಟಿದನು’ ಎಂಬುದು ಒಂದು, ‘ಕಟ್ಟಿಸಿದನು’ ಎಂಬುದು ಮತ್ತೊಂದು. ಇವೆರಡರ ನಡುವಣ ಅಂತರ ಒಂದೇ ಅಕ್ಷರ. ಆ ಅಕ್ಷರವೇ ಒಬ್ಬನ ಹಣವನ್ನೂ ಇನ್ನೊಬ್ಬನ ಬೆವರನ್ನೂ ಬೇರ್ಪಡಿಸಿ ತೋರಿಸುತ್ತದೆ. ಆದರೂ ಗೃಹಸ್ಥನು ‘ನಾನು ಮನೆ ಕಟ್ಟಿದೆ’ ಎಂದೇ ಹೇಳಿಕೊಳ್ಳುತ್ತಾನೆ. ನಡುವಣ ಅಕ್ಷರವನ್ನು ಮರೆಯುತ್ತಾನೆ.

ಕಟ್ಟುವವನಿಗೆ ಈ ಸೀಮೆಯಲ್ಲಿ ಗೌಂಡಿಯೆಂದೂ ಮೇಸ್ತ್ರಿಯೆಂದೂ ಹೆಸರು. ‘ಮೇಸ್ತ್ರಿ’ ಎಂಬುದು ಪೋರ್ಚುಗೀಸರ ‘ಮೆಸ್ತ್ರೆ’ ಎಂಬ ಮಾತಿನಿಂದ ಬಂದುದು. ಅದರ ಮೂಲ ಲ್ಯಾಟಿನ್ ಭಾಷೆಯ ‘ಮಾಗಿಸ್ತೆರ್’; ಅರ್ಥಾತ್ ಹಿರಿಯ, ಬೋಧಕ. ಅದೇ ಮೂಲದಿಂದ ಇಂಗ್ಲಿಷಿನ ‘ಮಾಸ್ಟರ್’ ಹುಟ್ಟಿತು. ಅದೇ ಶಾಲೆಯ ‘ಮಾಸ್ತರ’ ಆಯಿತು. ಹೀಗೆ ಮೇಸ್ತ್ರಿಯೂ ಮಾಸ್ತರರೂ ಒಂದೇ ಬೇರಿನ ಎರಡು ಕೊಂಬೆಗಳು. ಆದರೆ ಒಬ್ಬರಿಗೆ ‘ಬನ್ನಿರಿ, ಕುಳಿತುಕೊಳ್ಳಿರಿ’ ಎಂಬ ಉಪಚಾರ. ಇನ್ನೊಬ್ಬನಿಗೆ ‘ಬಾ’ ಎಂಬ ಏಕವಚನ. ಶಬ್ದವು ಸಮನಾಗಿಟ್ಟುದನ್ನು ಬಾಯಿ ಮೇಲುಕೀಳು ಮಾಡಿತು.

ಹಣ ತೆತ್ತವನ ಪಾಲು ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ, ದ್ರವ್ಯವಿಲ್ಲದೆ ಗೋಡೆ ಏಳದು. ಆದರೆ ಕೂಲಿಯು ದಿನದ ದುಡಿಮೆಗೆ ಸಲ್ಲುವ ಬೆಲೆಯೇ ಹೊರತು ಗೌರವಕ್ಕೆ ಬದಲಲ್ಲ. ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ಗೋಡೆಯ ನೇರವನ್ನು ನೋಡುವವನು ಆ ಮನೆಯಲ್ಲಿ ತಾನು ವಾಸಿಸುವುದಿಲ್ಲವೆಂದು ಬಲ್ಲ. ಬಲ್ಲವನಾಗಿಯೂ ಸೊಟ್ಟ ಕಟ್ಟುವುದಿಲ್ಲ. ಕಾಯಕವೆಂದರೆ ಇದೇ.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಲೋಕಹಿತಕ್ಕಾಗಿ ಕೆರೆಯನ್ನು ಕಟ್ಟಿದರು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಅವರನ್ನು ‘ಒಡ್ಡ’ನೆಂದೇ ಕರೆದು ಕೆಣಕುತ್ತಾರೆ. ಅದು ಮಣ್ಣು ಹೊರುವ ಕೆಲಸದ ನಿಂದೆಯಲ್ಲ. ‘ನಾನು ಕಟ್ಟಿದೆ’ ಎಂಬ ಭಾವ ಒಳಗೆ ಉಳಿದಿದೆಯೋ ಎಂಬ ಪರೀಕ್ಷೆ. ತಾವೇ ನಿಂತು ದುಡಿಸಿದ ಶರಣರಿಗೂ ಈ ಪರೀಕ್ಷೆ ತಪ್ಪಲಿಲ್ಲವೆಂದಮೇಲೆ, ಬರಿಯ ಹಣ ಎಣಿಸಿಕೊಟ್ಟವನು ಆ ಮಾತನ್ನು ಆಡುವುದೆಂತು?

ಗೃಹಪ್ರವೇಶದ ದಿನ ಗೌಂಡಿಗೆ ಹೊಸ ಬಟ್ಟೆ ಕೊಡುವ ವಾಡಿಕೆ ಉಂಟು. ಅದು ಒಳ್ಳೆಯದು. ಅದರೊಡನೆ ಬಹುವಚನವೂ, ಪಂಕ್ತಿಯಲ್ಲೊಂದು ಎಡೆಯೂ ಸಲ್ಲಲಿ. ಆಗ ಕಟ್ಟಿಸಿದವನು ಮನೆಯೊಂದಿಗೆ ತನ್ನ ಮನವನ್ನೂ ನೇರವಾಗಿ ನಿಲ್ಲಿಸಿಕೊಂಡಾನು.