ಮರೆಯೂ ಮಿಥ್ಯೆಯೂ

ತಾನು ಅನುಭವಿಸಿದುದನ್ನು ತನ್ನದೆಂದು ಹೇಳಿಕೊಳ್ಳಲಾರದ ನಾಟಕಕಾರನು ಅದನ್ನು ಬೇರೊಬ್ಬರ ಬಾಳೆಂಬಂತೆ ರಂಗದ ಮೇಲೆ ನಿಲ್ಲಿಸಿದರೆ, ಅವನು ಸತ್ಯಕ್ಕೆ ತಪ್ಪಿದವನಾಗುವನೇ? ನಾಟಕವೆಂಬುದೆಲ್ಲವೂ ಕಲ್ಪನೆಯೇ ಆಗಿರುವಾಗ ಈ ಪ್ರಶ್ನೆಗೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಆದರೆ ಕಲ್ಪನೆಯು ಕವಿಯ ಇಚ್ಛೆಯಿಂದ ಹುಟ್ಟುವುದು ಬೇರೆ, ಸೆರೆಮನೆಯ ಭಯದಿಂದ ಹುಟ್ಟುವುದು ಬೇರೆ. ಈ ಎರಡನೆಯ ಬಗೆಗೆ ಇಂಗ್ಲೆಂಡಿನ ಟೆರೆನ್ಸ್ ರಾಟಿಗನ್ನನ (1911–1977) ನಾಟಕಗಳಿಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

ರಾಟಿಗನ್ನನು ಪುರುಷರಲ್ಲಿ ಅನುರಕ್ತನಾದ ಪುರುಷನು. ಅವನ ಬಾಳಿನ ಬಹುಭಾಗದಲ್ಲಿ ಅವನ ನಾಡಿನಲ್ಲಿ ಇದು ದಂಡನಾರ್ಹವಾದ ಅಪರಾಧವಾಗಿದ್ದಿತು. 1885ರ ಶಾಸನದ ಮೇರೆಗೆ ಆಸ್ಕರ್ ವೈಲ್ಡನಿಗೆ 1895ರಲ್ಲಿ ಎರಡು ವರ್ಷಗಳ ಕಠಿಣ ಸಜೆಯಾದುದು ಸರ್ವವಿದಿತ. ಆ ಕಟ್ಟು ಇಂಗ್ಲೆಂಡಿನಲ್ಲಿ ಸಡಿಲವಾದುದು 1967ರಲ್ಲಿ. ಆಗ ರಾಟಿಗನ್ನನಿಗೆ ಐವತ್ತಾರು ವಯಸ್ಸು ಕಳೆದಿದ್ದಿತು. ಅದೇ ಮನೋಧರ್ಮದ ಆಡಳಿತವು 1860ರಲ್ಲಿ ಭಾರತಕ್ಕೆ ವಿಧಿಸಿದ ದಂಡಸಂಹಿತೆಯ 377ನೆಯ ಪ್ರಕರಣವು, ವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆದುಕೊಳ್ಳುವುದರ ಮಟ್ಟಿಗೆ, ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಕಡೆಗೆ ಅಳಿದುದು 2018ರಲ್ಲಿ. ಆದುದರಿಂದ ಇದು ಪರದೇಶದ ಕಥೆಯೆಂದು ಕೈತೊಳೆದುಕೊಳ್ಳುವುದಕ್ಕೂ ಬಾರದು.

ರಂಗಭೂಮಿಗೆ ಇನ್ನೊಂದು ಕಾವಲು ಬೇರೆ. ಅಲ್ಲಿ ಸಾರ್ವಜನಿಕರ ಮುಂದೆ ಆಡುವ ಹೊಸ ನಾಟಕವು ಯಾವುದೇ ಆಗಲಿ, ಮೊದಲು ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನನ ಒಪ್ಪಿಗೆ ಪಡೆಯಬೇಕಾಗಿದ್ದಿತು. 1958ರಲ್ಲಿ ಕೊಂಚ ಸಡಿಲಾಗುವವರೆಗೆ ಈ ವಿಷಯವನ್ನೆತ್ತಿದ ನಾಟಕಕ್ಕೆ ಆ ಕಚೇರಿಯಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ. ಆ ಅಧಿಕಾರವೇ 1968ರಲ್ಲಿ ರದ್ದಾಯಿತು. ಇವೆರಡೂ ಸಾಲದೆಂಬಂತೆ, ಮಧ್ಯಾಹ್ನದ ಆಟಕ್ಕೆ ಟಿಕೇಟು ಕೊಳ್ಳುವ ಮರ್ಯಾದಸ್ಥ ಹೆಂಗಸೊಬ್ಬಳನ್ನು ರಾಟಿಗನ್ನನು ತಾನೇ ಕಲ್ಪಿಸಿ, 1953ರಲ್ಲಿ ತನ್ನ ನಾಟಕಸಂಗ್ರಹದ ಮುನ್ನುಡಿಯಲ್ಲಿ ಅವಳಿಗೆ 'ಎಡ್ನಾ ಅತ್ತೆ' ಎಂದು ಹೆಸರಿಟ್ಟನು. ಅವಳನ್ನು ಮರೆತ ನಾಟಕಕಾರನು ಉಳಿಯಲಾರನೆಂಬುದು ಅವನ ಮತ. ಕನ್ನಡದ ನಾಟಕಮಂಡಲಿಗಳವರಿಗೂ ಈ ಅತ್ತೆಯ ಪರಿಚಯವಿಲ್ಲದಿಲ್ಲ.

ಹೀಗಿರಲು 1949ರಲ್ಲಿ ಅವನ ಬಾಳಿನಲ್ಲಿ ಒಂದು ಆಘಾತವೊದಗಿತು. ಅವನು ಪ್ರೀತಿಸಿದ್ದ ಕೆನೆತ್ ಮಾರ್ಗನ್ ಎಂಬ ತರುಣ ನಟನು ಅವನನ್ನು ಬಿಟ್ಟು ಬೇರೊಬ್ಬನೊಡನೆ ಇರಹೋಗಿ, ಅಲ್ಲಿಯೂ ಸುಖಗಾಣದೆ, ಗ್ಯಾಸನ್ನು ತೆರೆದು ಪ್ರಾಣ ಕಳೆದುಕೊಂಡನು. ಆ ಶೋಕವನ್ನು ಬಹಿರಂಗವಾಗಿ ಆಚರಿಸುವ ಹಕ್ಕು ಕೂಡ ರಾಟಿಗನ್ನನಿಗೆ ಇರಲಿಲ್ಲ. ಮೂರು ವರ್ಷಗಳ ಮೇಲೆ, 1952ರ ಮಾರ್ಚಿಯಲ್ಲಿ, ಲಂಡನ್ನಿನ ಡಚೆಸ್ ಥಿಯೇಟರಿನಲ್ಲಿ 'ದಿ ಡೀಪ್ ಬ್ಲೂ ಸೀ' ಎಂಬ ನಾಟಕವಾಯಿತು. ಪರದೆಯೇಳುವಾಗ ಹೆಸ್ಟರ್ ಎಂಬ ಹೆಂಗಸು ಬಾಡಿಗೆಯ ಕೋಣೆಯಲ್ಲಿ ಗ್ಯಾಸಿನ ಒಲೆಯ ಮುಂದೆ ಪ್ರಜ್ಞೆತಪ್ಪಿ ಬಿದ್ದಿರುವಳು. ಮೀಟರಿಗೆ ಹಾಕಿದ್ದ ನಾಣ್ಯ ಮುಗಿದು ಗ್ಯಾಸು ನಿಂತುದರಿಂದಲೇ ಅವಳ ಪ್ರಾಣ ಉಳಿದುದು. ನ್ಯಾಯಾಧೀಶನಾದ ಗಂಡನನ್ನು ಬಿಟ್ಟು, ವಿಮಾನದಳದಲ್ಲಿ ಹಿಂದೆ ಇದ್ದ ಫ್ರೆಡ್ಡಿಯೊಡನೆ ಅವಳು ಬಂದಿರುವಳು. ಅವಳು ಪ್ರೀತಿಸಿದಷ್ಟು ಪ್ರೀತಿಸುವ ಶಕ್ತಿಯೇ ಅವನಿಗಿಲ್ಲ.

ಮಾರ್ಗನ್ನನ ಎಡೆಯಲ್ಲಿ ಹೆಸ್ಟರಳನ್ನಿರಿಸಿದುದು ಮಿಥ್ಯೆಯೇ? ವಿಚಾರಮಾಡಿ ನೋಡಿದರೆ ಅಲ್ಲವೆಂದೇ ತೋರುವುದು. ದುಃಖವು ಇಂಥವನದೆಂಬ ಗುರುತನ್ನು ಕಳೆದುಕೊಂಡು ಸರ್ವರಿಗೂ ಸಾಧಾರಣವಾದಲ್ಲದೆ ರಸವಾಗದೆಂದು ಭಟ್ಟನಾಯಕನೇ ಮೊದಲಾದ ಆಲಂಕಾರಿಕರು ಎಂದೋ ಹೇಳಿದರು. ಪ್ರೀತಿಸಿದವನು ಗಂಡೋ ಹೆಣ್ಣೋ ಎಂಬುದನ್ನು ಬದಲಿಸಿದರೂ ಅಸಮವಾದ ಪ್ರೀತಿಯ ಸಂಕಟ ಒಂದಿಷ್ಟೂ ಬದಲಾಗಿಲ್ಲ. ಇದಕ್ಕಿಂತಲೂ ಗಮನಿಸತಕ್ಕ ಮಾತೊಂದುಂಟು. ನಿಜದ ಬಾಳಿನಲ್ಲಿ ಪರಿತ್ಯಕ್ತನಾದವನು ರಾಟಿಗನ್ನನೇ. ನಾಟಕದಲ್ಲಿ ಆ ಸ್ಥಾನ ನ್ಯಾಯಾಧೀಶನದು. ಆ ಗಂಡನಿಗೆ ಅವನು ಸಭ್ಯತೆಯನ್ನು ಕೊಟ್ಟನಲ್ಲದೆ ನಾಟಕವನ್ನು ಕೊಡಲಿಲ್ಲ. ತನ್ನನ್ನು ತೊರೆದುಹೋದವನ ಹೃದಯವನ್ನು ಹೊಕ್ಕು, ಆ ಕೊನೆಯ ರಾತ್ರಿಯಲ್ಲಿ ಅಲ್ಲಿ ಏನಿದ್ದೀತೆಂಬುದನ್ನು ಹುಡುಕಿದನು. ಮರೆಯಿಲ್ಲದೆ ಬರೆದ ಆತ್ಮಕಥೆಗಳಲ್ಲಿ ಇಷ್ಟು ಪ್ರಾಮಾಣಿಕತೆ ಎಷ್ಟರಲ್ಲಿ ದೊರೆತೀತು?

ಆದರೆ ಎಲ್ಲ ಮರೆಗಳಿಗೂ ಈ ಸಮಾಧಾನ ಸಲ್ಲದು. 1954ರ 'ಸೆಪರೇಟ್ ಟೇಬಲ್ಸ್' ಎಂಬ ನಾಟಕದ ಎರಡನೆಯ ಭಾಗದಲ್ಲಿ, ಬೋರ್ನ್‌ಮತ್ ಎಂಬ ಕಡಲಕರೆಯ ಊರಿನ ವಸತಿಗೃಹದಲ್ಲಿ, ಮೇಜರ್ ಪೊಲಾಕ್ ಎಂಬಾತನಿರುವನು. ಅವನ ಮೇಲೆ ನ್ಯಾಯಸ್ಥಾನದಲ್ಲಿ ನಡೆದ ವಿಚಾರಣೆಯ ಸುದ್ದಿ ಪತ್ರಿಕೆಯಲ್ಲಿ ಬಂದು, ಅವನನ್ನು ಹೊರಹಾಕಬೇಕೆಂದು ಅಲ್ಲಿನ ಪ್ರತಿಷ್ಠಿತ ಹೆಂಗಸೊಬ್ಬಳು ಉಳಿದವರನ್ನೆಲ್ಲ ಹುರಿಗೊಳಿಸುವಳು. 1953ರಲ್ಲಿ ಪ್ರಸಿದ್ಧ ನಟ ಜಾನ್ ಗೀಲ್ಗುಡ್ಡನು ಪುರುಷಾನುರಾಗದ ಆರೋಪದ ಮೇಲೆ ಬಂಧಿತನಾಗಿದ್ದನು; ರಾಟಿಗನ್ನನ ಮನಸ್ಸಿನಲ್ಲಿದ್ದ ಅಪರಾಧವೂ ಅದೇ. ರಂಗದ ಮೇಲೆ ಮಾತ್ರ ಅದು, ಚಲಚ್ಚಿತ್ರಮಂದಿರದ ಕತ್ತಲೆಯಲ್ಲಿ ಪಕ್ಕದ ಹೆಂಗಸರನ್ನು ಪೀಡಿಸಿದ ಅಪರಾಧವಾಯಿತು. 1956ರಲ್ಲಿ ನಾಟಕವು ನ್ಯೂಯಾರ್ಕಿಗೆ ಹೋಗುವಾಗ ಮೊದಲಿನ ಉದ್ದೇಶದಂತೆ ತಿದ್ದಿ ಆಡಿಸಬೇಕೆಂದು ಅವನು ಯತ್ನಿಸಿದನು. ಅಲ್ಲಿನ ನಿರ್ಮಾಪಕರು ಒಪ್ಪಲಿಲ್ಲ.

ಇಲ್ಲಿ ಬದಲಾದುದು ವೇಷವಷ್ಟೇ ಅಲ್ಲ, ಧರ್ಮಪ್ರಶ್ನೆಯೇ ಬದಲಾಯಿತು. ಕತ್ತಲೆಯಲ್ಲಿ ಕೈಗೆ ಸಿಕ್ಕಿದ ಹೆಂಗಸರಿಗೆ ನೋವಾಗಿದೆ. ಅವರು ರಂಗದ ಮೇಲೆ ಬರುವುದಿಲ್ಲ, ಅವರ ಪರವಾಗಿ ಯಾರೂ ಮಾತಾಡುವುದಿಲ್ಲ. ಮೇಜರನನ್ನು ಕ್ಷಮಿಸೆಂದು ನಾಟಕವು ಪ್ರೇಕ್ಷಕನನ್ನು ಬೇಡುವಾಗ, ನಿರಪರಾಧಿಗೆ ಸಲ್ಲಬೇಕಾದ ನ್ಯಾಯವನ್ನು ಅಪರಾಧಿಗೆ ದಯೆಯಾಗಿ ಕೊಡಿಸಿದಂತಾಗುವುದು. ಎಡ್ನಾ ಅತ್ತೆಗೆ ಇದು ಸಹ್ಯವಾಯಿತು, ಅದು ಸಹ್ಯವಾಗಲಾರದಾಗಿದ್ದಿತು ಎಂಬುದೇ ಆ ಕಾಲದ ವಿವೇಕಕ್ಕೆ ಸಾಕಷ್ಟು ಛೀಮಾರಿ.

ಕಟ್ಟುಪಾಡೇ ಅವನ ಕಲೆಯನ್ನು ಹರಿತಗೊಳಿಸಿತು, ಎಲ್ಲವನ್ನೂ ಹೇಳಬಹುದಾಗಿದ್ದರೆ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ ಎಂಬ ವಾದವೊಂದುಂಟು. ಅವನ ಪಾತ್ರಗಳು ಹೇಳದೆ ನುಂಗಿದ ಮಾತುಗಳಲ್ಲಿಯೇ ಅವನ ಶಕ್ತಿಯಿರುವುದು ನಿಜ. ಆದರೆ ಕಲ್ಲಿನ ಸಂದಿಯಲ್ಲಿ ಗಿಡ ಬೆಳೆದರೆ ಹೊಗಳಬೇಕಾದುದು ಗಿಡವನ್ನಲ್ಲವೇ? ಇನ್ನು 1956ರಲ್ಲಿ ಜಾನ್ ಆಸ್‌ಬಾರ್ನನ 'ಲುಕ್ ಬ್ಯಾಕ್ ಇನ್ ಆಂಗರ್' ಬಂದ ತರುವಾಯ ಹೊಸಬರು ರಾಟಿಗನ್ನನ ಸಂಯಮವನ್ನು ಹೇಡಿತನವೆಂದರು. ಸೆರೆಮನೆಯ ಬಾಗಿಲು ತಮಗಾಗಿ ತೆರೆದಿಲ್ಲದವರಿಗೆ ಆ ಮಾತು ಸುಲಭ.

ಅವನು ಪೂರಾ ಮರೆಸಲೂ ಇಲ್ಲ. ಹೆಸ್ಟರಳನ್ನು ಬದುಕಿಸುವವನು ಅದೇ ಕಟ್ಟಡದಲ್ಲಿರುವ ಮಿಲ್ಲರ್ ಎಂಬಾತ. ಹಿಂದೆ ವೈದ್ಯನಾಗಿದ್ದು, ಸೆರೆವಾಸವಾಗಿ, ವೈದ್ಯರ ಪಟ್ಟಿಯಿಂದ ಹೆಸರು ಹೊಡೆಸಿಕೊಂಡವನು. ಅವನ ಅಪರಾಧವೇನೆಂದು ನಾಟಕವು ಬಾಯಿಬಿಟ್ಟು ಹೇಳುವುದಿಲ್ಲ. ತಿಳಿಯಬಲ್ಲವರಿಗೆ ತಿಳಿಯುವಷ್ಟು ಹೇಳಿ ನಿಲ್ಲಿಸುವುದು. ಎಲ್ಲ ಆಸೆಯನ್ನೂ ಕಳೆದುಕೊಂಡ ಮೇಲೆಯೂ ಬದುಕುವುದು ಹೇಗೆಂಬುದನ್ನು ಅವಳಿಗೆ ಹೇಳಿಕೊಡುವವನು ಆತನೊಬ್ಬನೇ. ಕೊನೆಯಲ್ಲಿ ಫ್ರೆಡ್ಡಿ ಹೊರಟುಹೋದ ಬಳಿಕ ಹೆಸ್ಟರಳು ಮತ್ತೆ ಆ ಒಲೆಯ ಬಳಿಗೆ ಬಂದು ಗ್ಯಾಸನ್ನು ತೆರೆಯುವಳು. ಒಂದು ಗಳಿಗೆ ಸುಮ್ಮನಿರುವಳು. ಅನಂತರ ಬೆಂಕಿಕಡ್ಡಿಯನ್ನು ಗೀರಿ ಒಲೆಯನ್ನು ಹೊತ್ತಿಸುವಳು.