ಸಹಪಾಠಿಯ ಸ್ಮರಣೆ

ತಂದೆತಾಯಿಗಳು ಅಗಲಿದಾಗ ಮಕ್ಕಳು ದುಃಖಿಸುವುದು ಸಹಜ. ಪತಿಪತ್ನಿಯರಲ್ಲಿ ಒಬ್ಬರು ಹೋದರೆ ಉಳಿದವರಿಗೆ ಮನೆಯೆಲ್ಲ ಬರಿದಾಗಿ ತೋರುವುದೂ ಸಹಜವೇ. ಆದರೆ ಮೂವತ್ತು ವರ್ಷಗಳಿಂದ ಮುಖವನ್ನೇ ನೋಡದಿದ್ದ ಹೈಸ್ಕೂಲಿನ ಗೆಳೆಯನೊಬ್ಬನು ತೀರಿಕೊಂಡನೆಂದು ಕೇಳಿ, ಐವತ್ತು ದಾಟಿದ ಗೃಹಸ್ಥನೊಬ್ಬನು ಊಟ ಬಿಟ್ಟು ಕುಳಿತರೆ ಅದನ್ನು ಏನೆಂದು ಕರೆಯಬೇಕು? ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿಹೋದ ಭಕ್ತರೊಬ್ಬರು ಈಚೆಗೆ ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. “ಬುದ್ಧಿ, ಇದು ಮೋಹವಲ್ಲವೆ? ಅವನು ಇದ್ದಾಗ ನಾನು ನೆನೆಯಲಿಲ್ಲ. ಈಗ ಅಳುವುದಕ್ಕೆ ನನಗೇನು ಅಧಿಕಾರ?” ಎಂದರು. ‘ಮೋಹ’ ಎಂಬ ಒಂದು ಮಾತಿನಿಂದ ತಳ್ಳಿಹಾಕುವಷ್ಟು ಸಣ್ಣ ಪ್ರಶ್ನೆ ಇದಲ್ಲವೆಂದು ನಮಗೆ ತೋರಿತು.

ಮೊದಲನೆಯದಾಗಿ, ಗೆಳೆಯನ ದುಃಖಕ್ಕೆ ಲೋಕದಲ್ಲಿ ಸ್ಥಾನವೇ ಇಲ್ಲ. ನಮ್ಮಲ್ಲಿ ಸೂತಕವನ್ನು ಒಪ್ಪುವುದಿಲ್ಲ, ನಿಜ. ಆದರೂ ಲಿಂಗೈಕ್ಯರಾದವರ ಮನೆಯಲ್ಲಿ ಬಂಧುಗಳಿಗೆ ಕೈತುಂಬ ಕಾರ್ಯಗಳಿರುತ್ತವೆ. ಸಮಾಧಿಯ ಏರ್ಪಾಡು, ಬಂದವರ ಉಪಚಾರ, ಶಿವಗಣಾರಾಧನೆ ಎಂದು ದಿನಗಳು ಸಾಗುತ್ತವೆ. ದುಃಖಕ್ಕೆ ಅದೂ ಒಂದು ಊರುಗೋಲೇ. ಗೆಳೆಯನಿಗಾದರೋ ಯಾವ ವಿಧಿಯೂ ಇಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈಮುಗಿದು, ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಂತು ಹಿಂತಿರುಗತಕ್ಕವನು ಅವನು. ‘ತಾವು ಯಾರಾಗಬೇಕು?’ ಎಂದು ಯಾರಾದರೂ ಕೇಳಿದರೆ, ‘ಜೊತೆಯಲ್ಲಿ ಓದಿದವನು’ ಎನ್ನಬಹುದು. ಅವನ ಪಾಲಿಗೆ ಉಳಿಯುವುದು ಸ್ಮರಣೆಯೊಂದೇ. ಆದುದರಿಂದ ಆ ಸ್ಮರಣೆ ಎಂಥದು, ಯಾರಿಗಾಗಿ ಎಂಬುದು ವಿಚಾರಣೀಯ.

ಸಹಪಾಠಿಯ ಮರಣವನ್ನು ಕುರಿತು ಬರೆದವರಲ್ಲಿ ಬಹು ಪ್ರಸಿದ್ಧನಾದವನು ಸಂತ ಆಗಸ್ಟೀನ್. ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ, ಎಂದರೆ ಇಂದಿನ ಅಲ್ಜೀರಿಯ ದೇಶದಲ್ಲಿ, ಹುಟ್ಟಿದವನು. ಆ ಊರಿನಲ್ಲಿ ಅವನೊಡನೆ ಬೆಳೆದು, ಒಂದೇ ಶಾಲೆಯಲ್ಲಿ ಓದಿ, ಒಟ್ಟಿಗೆ ಆಡಿದ ಸಮವಯಸ್ಕನೊಬ್ಬನಿದ್ದನು. ಇಬ್ಬರೂ ತರುಣರಾಗಿದ್ದಾಗ ಆ ಗೆಳೆಯನು ಜ್ವರದಿಂದ ತೀರಿಕೊಂಡನು. ಆಗಸ್ಟೀನನಿಗೆ ಹುಟ್ಟೂರೇ ಹಿಂಸೆಯಾಯಿತು. ಎಲ್ಲಿ ನೋಡಿದರೂ ಮರಣವೇ ಕಾಣಿಸಿತು. ಕಡೆಗೆ ಊರನ್ನು ಬಿಟ್ಟು ಕಾರ್ಥೇಜಿಗೆ ಹೊರಟುಹೋದನು. ಸುಮಾರು ಇಪ್ಪತ್ತು ವರ್ಷಗಳ ಮೇಲೆ ‘ಕನ್‌ಫೆಷನ್ಸ್’ ಗ್ರಂಥದ ನಾಲ್ಕನೆಯ ಭಾಗದಲ್ಲಿ ಇದನ್ನೆಲ್ಲ ಬರೆದಾಗ ಅವನು ಬಿಷಪ್ಪನಾಗಿದ್ದನು. ಅಷ್ಟು ದುಃಖದಲ್ಲಿಯೂ ತನಗೆ ತನ್ನ ಬಾಳೇ ಗೆಳೆಯನಿಗಿಂತ ಪ್ರಿಯವಾಗಿತ್ತೆಂದೂ, ಅಳುವುದರಲ್ಲಿ ಒಂದು ಬಗೆಯ ಸವಿಯಿತ್ತೆಂದೂ ಅವನು ಒಪ್ಪಿಕೊಳ್ಳುತ್ತಾನೆ. ಇಷ್ಟು ನಿಷ್ಠುರವಾಗಿ ತನ್ನ ಕಣ್ಣೀರನ್ನು ಪರೀಕ್ಷಿಸಿಕೊಂಡವರು ವಿರಳ.

ವಿಶ್ವವಿದ್ಯಾಲಯದಲ್ಲಿ ಈ ಪುಟಗಳನ್ನು ಮೊದಲು ಓದಿದಾಗ ನಮ್ಮ ಗಮನಕ್ಕೆ ಬಾರದ ಒಂದು ಸಂಗತಿ ಅನಂತರದ ಓದಿನಲ್ಲಿ ಹೊಳೆಯಿತು. ಅಷ್ಟು ಪುಟಗಳಲ್ಲಿ ಆ ಗೆಳೆಯನ ಹೆಸರೇ ಇಲ್ಲ! ಆಗಸ್ಟೀನನ ಶೋಕದ ಪ್ರತಿಯೊಂದು ಎಳೆಯನ್ನೂ ನಾವು ಬಲ್ಲೆವು. ಶೋಕಕ್ಕೆ ಕಾರಣನಾದವನನ್ನು ಬಲ್ಲೆವೆನ್ನುವಂತಿಲ್ಲ. ಒಂದೇ ಒಂದು ಕಡೆ ಅವನು ಎದ್ದು ನಿಲ್ಲುತ್ತಾನೆ. ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಅವನಿಗೆ ದೀಕ್ಷಾಸ್ನಾನ ಮಾಡಿಸಿದ್ದರು. ಎಚ್ಚರವಾದ ಮೇಲೆ ಆಗಸ್ಟೀನನು ಅದನ್ನು ಹಾಸ್ಯಮಾಡಿದನು. ರೋಗಿಯು ಕೂಡಲೇ ತಿರುಗಿಬಿದ್ದು, ತನ್ನ ಗೆಳೆತನ ಬೇಕಾದರೆ ಇಂಥ ಮಾತು ಬಿಡಬೇಕೆಂದನು. ಅಲ್ಲಿ ಮಾತ್ರ ಗೆಳೆಯನು ಆಗಸ್ಟೀನನ ನೆರಳಾಗಿರದೆ ಬೇರೊಬ್ಬ ಮನುಷ್ಯನಾಗಿ ಕಾಣುತ್ತಾನೆ.

ಸಹಪಾಠಿಯ ಸ್ಮರಣೆಯಲ್ಲಿರುವ ತೊಡಕೇ ಇದು. ಪದವಿ, ಹುದ್ದೆ, ಮಠಮಾನ್ಯ ಇವೊಂದೂ ಇಲ್ಲದಿದ್ದಾಗ ನಮ್ಮನ್ನು ಕಂಡವನು ಅವನು. ಹರಿದ ಚಡ್ಡಿಯ ಹುಡುಗನನ್ನು ಅವನು ಬಲ್ಲನು, ಈಗಿನವರು ಬಲ್ಲವರಲ್ಲ. ಅವನು ಹೋದರೆ ನಮ್ಮ ಬಾಲ್ಯದ ಸಾಕ್ಷಿಯೊಬ್ಬನು ಹೋದಂತೆ. ಆಗ ಬರುವ ಕಣ್ಣೀರಿನಲ್ಲಿ ಬಹುಪಾಲು ನಮ್ಮ ಬಾಲ್ಯಕ್ಕಾಗಿ ಸುರಿಯುವುದು. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಅವನ ಲೆಕ್ಕಕ್ಕೆ ಬರೆಯಬಾರದು.

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ 10 ಭಾಗಗಳಲ್ಲಿ ಎರಡನ್ನು ಸ್ನೇಹಕ್ಕಾಗಿಯೇ ಮೀಸಲಿಟ್ಟಿದ್ದಾನೆ. ಬಾಲ್ಯಸ್ನೇಹಿತರಲ್ಲಿ ಒಬ್ಬನು ಮುಂದೆ ಬೆಳೆದು ಇನ್ನೊಬ್ಬನು ಇದ್ದಲ್ಲಿಯೇ ಉಳಿದರೆ ಹಳೆಯ ಸ್ನೇಹದ ಋಣ ಉಳಿಯುವುದೆ ಎಂದು ಕೇಳಿ, ಒಡನಾಟ ಉಳಿಯದಿದ್ದರೂ ನೆನಪಿನ ಸಲುವಾಗಿ ಏನೋ ಒಂದಿಷ್ಟು ಸಲ್ಲಬೇಕೆನ್ನುತ್ತಾನೆ. ದ್ರುಪದನು ಸಹಪಾಠಿಯಾದ ದ್ರೋಣನಿಗೆ ಸಲ್ಲಿಸಲೊಲ್ಲದೆ ಹೋದದ್ದು ಇದನ್ನೇ. ಅದರಿಂದ ಹುಟ್ಟಿದ ವೈರ ಎಲ್ಲಿಗೆ ಮುಟ್ಟಿತೆಂಬುದು ಭಾರತವನ್ನು ಕೇಳಿದವರಿಗೆಲ್ಲ ಗೊತ್ತು. ಬದುಕಿರುವ ಗೆಳೆಯನಾದರೆ ಬಂದು ಕೇಳಿಯಾನು. ಸತ್ತವನು ಕೇಳಲಾರ, ಮರಳಿ ಏನನ್ನೂ ಕೊಡಲಾರ. ಡೆನ್ಮಾರ್ಕಿನ ಕೀರ್ಕೆಗಾರ್ಡನು 1847ರ ತನ್ನ ಗ್ರಂಥವೊಂದರಲ್ಲಿ, ಸತ್ತವರನ್ನು ನೆನೆಯುವುದೇ ಅತ್ಯಂತ ನಿಸ್ವಾರ್ಥವಾದ ಪ್ರೀತಿಯೆಂದು ವಾದಿಸಿದ್ದು ಈ ಕಾರಣದಿಂದಲೇ. ಸತ್ತವನು ಬದಲಾಗುವುದಿಲ್ಲ, ಆದುದರಿಂದ ಸಂಬಂಧ ಸಡಲಿದರೆ ಸಡಲಿಸಿದವರು ಯಾರೆಂಬುದರಲ್ಲಿ ಸಂಶಯವೇ ಇರುವುದಿಲ್ಲ.

ಹಾಗಾದರೆ ಸಲ್ಲಿಸತಕ್ಕದ್ದೇನು? ನಮ್ಮ ಅನುಭವಕ್ಕೆ ಬಂದುದನ್ನು ಹೇಳುತ್ತೇವೆ. ಪೂರ್ವಾಶ್ರಮವನ್ನು ಬಿಟ್ಟವರಿಗೆ ಇದೇಕೆ ಎಂದು ಯಾರಾದರೂ ಕೇಳಬಹುದು. ಬಂಧುತ್ವವನ್ನು ಬಿಡುವುದಕ್ಕೆ ವಿಧಿಯುಂಟು. ನೆನಪನ್ನು ಬಿಡುವುದಕ್ಕೆ ವಿಧಿಯನ್ನು ನಾವು ಎಲ್ಲಿಯೂ ಕಂಡಿಲ್ಲ.

1980ರ ದಶಕದಲ್ಲಿ ನಮ್ಮೊಡನೆ ವಿದ್ಯಾರ್ಥಿನಿಲಯದಲ್ಲಿದ್ದು ಎಸ್.ಎಸ್.ಎಲ್.ಸಿ. ಮುಗಿಸಿದ ಗೆಳೆಯರೊಬ್ಬರು ಕೆಲವು ವರ್ಷಗಳ ಹಿಂದೆ ಲಿಂಗೈಕ್ಯರಾದರು. ಅವರ ಹೆಸರನ್ನು ಬರೆಯುವುದಿಲ್ಲ. ಮನೆಯವರು ಸಂಕೋಚದ ಜನ. ಬೀಜಗಣಿತದಲ್ಲಿ ತರಗತಿಗೇ ಮೊದಲಿಗರು. ದೀಪವಾರಿದ ಮೇಲೆ ಜಗಲಿಯಲ್ಲಿ ಕುಳಿತು ಬಾಯಿಲೆಕ್ಕದಲ್ಲಿಯೇ ನಮಗೆಲ್ಲ ಬಿಡಿಸಿ ತೋರಿಸುತ್ತಿದ್ದರು. ಸಂಸ್ಕೃತದ ಶಬ್ದರೂಪ ಮಾತ್ರ ಅವರ ತಲೆಗೆ ಹತ್ತಲೇ ಇಲ್ಲ. ಪಕ್ಕದ ತೋಟದ ಸೀಬೆಕಾಯಿ ಕದ್ದು, ವಾರ್ಡನ್ನರ ಮುಂದೆ ಕಣ್ಣು ಮಿಟುಕಿಸದೆ ಸುಳ್ಳು ಹೇಳುವುದರಲ್ಲಿಯೂ ಅವರೇ ಮುಂದು. ತಂದೆ ತೀರಿಕೊಂಡುದರಿಂದ ಓದು ನಿಂತಿತು, ಹೊಲ ನೋಡಿಕೊಂಡರು. ಅವರ ಮಗನು ಮಠಕ್ಕೆ ಬಂದಾಗ ಇದನ್ನೆಲ್ಲ, ಸೀಬೆಕಾಯಿಯನ್ನೂ ಸೇರಿಸಿ, ಹೇಳಿದೆವು. ಆತ ಬಹಳ ಹೊತ್ತು ಸುಮ್ಮನಿದ್ದು, “ಬುದ್ಧಿ, ನಮ್ಮಪ್ಪ ಲೆಕ್ಕದಲ್ಲಿ ಮುಂದಿದ್ದರೆ? ಒಂದು ದಿನವೂ ಹೇಳಲಿಲ್ಲ. ನಮ್ಮ ಪುಸ್ತಕ ಮುಟ್ಟುತ್ತಲೂ ಇರಲಿಲ್ಲ” ಎಂದ. ಬಳಿಕ ಆತನೇ ನಮಗೆ ಗೊತ್ತಿಲ್ಲದುದನ್ನು ಹೇಳಿದ. ಹಾಸಿಗೆ ಹಿಡಿದ ತಾಯಿಯನ್ನು ಆ ಗೆಳೆಯರು ಒಂಬತ್ತು ವರ್ಷ ತಮ್ಮ ಕೈಯಿಂದಲೇ ನೋಡಿಕೊಂಡರಂತೆ. ಜಗಲಿಯ ಮೇಲಿನ ಆ ಹುಡುಗನಲ್ಲಿ ಇಂಥ ತಾಳ್ಮೆಯ ಸುಳಿವೇ ಇರಲಿಲ್ಲ. ಮೂವತ್ತು ವರ್ಷಗಳಲ್ಲಿ ಅವರು ಬೇರೊಬ್ಬರಾಗಿ ಬೆಳೆದಿದ್ದರು. ಆ ಬೆಳೆದವರನ್ನು ನಾವು ಅಂದು ಮಗನ ಬಾಯಿಂದ ಮೊದಲ ಸಲ ಕಂಡೆವು.

ಹೆಂಡತಿ ಮಕ್ಕಳಿಗೆ ಹುಡುಗನು ಗೊತ್ತಿಲ್ಲ, ಸಹಪಾಠಿಗೆ ಗೃಹಸ್ಥನು ಗೊತ್ತಿಲ್ಲ. ಪ್ರಶ್ನೆ ಕೇಳಿದ ಭಕ್ತರಿಗೆ ಆದುದರಿಂದ ನಾವು ಹೇಳಿದ್ದು ಇಷ್ಟೇ: ಆ ಮನೆಗೆ ಹೋಗಿ, ತಮಗೆ ಗೊತ್ತಿರುವುದನ್ನು ಕೊಟ್ಟು, ಗೊತ್ತಿಲ್ಲದುದನ್ನು ಕೇಳಿ ತಿಳಿದುಬನ್ನಿ, ಅಧಿಕಾರದ ಮಾತು ಆಮೇಲೆ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಸೂಚನೆ. ಮುಂದಿನ ಸಮಾವೇಶಕ್ಕೆ ಬರುವವರು ಲಿಂಗೈಕ್ಯರಾದ ತಮ್ಮ ಸಹಪಾಠಿಗಳ ವಿಷಯವಾಗಿ ತಿಳಿದುದನ್ನು ಒಂದೊಂದು ಹಾಳೆಯಲ್ಲಿ ಬರೆದು ತರಬೇಕು. ಹೊಗಳಿಕೆ ಬೇಡ. ಯಾವ ವರ್ಷ, ಯಾವ ಕೊಠಡಿ, ಏನು ಓದಿದರು, ಏನು ತುಂಟತನ ಮಾಡಿದರು ಎಂಬುದಿರಲಿ. ಆ ಹಾಳೆಗಳನ್ನು ಅವರವರ ಮನೆಗಳಿಗೆ ತಲಪಿಸುವ ಕೆಲಸವನ್ನು ಮಠವು ವಹಿಸಿಕೊಳ್ಳುತ್ತದೆ.