ಮೊದಲು ಅವರ ಮಾತು

ಮನೆಯಲ್ಲಿ ವಾದವೆದ್ದಾಗ ಎದುರಿನವರ ಮಾತು ಮುಗಿಯುವ ಮೊದಲೇ ನಮ್ಮ ಉತ್ತರ ಸಿದ್ಧವಾಗಿರುತ್ತದೆ, ಅಲ್ಲವೇ?

1274ರಲ್ಲಿ ದೈವಾಧೀನರಾದ ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ಥಿಯಾಲಜಿಯಾ' ಗ್ರಂಥದಲ್ಲಿ ಬೇರೆ ದಾರಿ ಹಿಡಿದರು. ಮೊದಲು ವಿರೋಧದ ಮಾತುಗಳು, ಆಮೇಲೆ ತಮ್ಮ ಉತ್ತರ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ. 'ದೇವರಿದ್ದಾರೆಯೇ?' ಎಂಬ ಪ್ರಶ್ನೆಯಲ್ಲೂ ಅವರು ಮೊದಲು ಬರೆದದ್ದು, ಲೋಕದಲ್ಲಿ ಕೆಡುಕಿದೆಯಲ್ಲ ಎಂಬ ಆಕ್ಷೇಪವನ್ನೇ. ಅದನ್ನು ಮುಚ್ಚಿಡಲಿಲ್ಲ, ಗೇಲಿ ಮಾಡಲಿಲ್ಲ.

ಮಗಳು 'ಈಗಲೇ ಮದುವೆ ಬೇಡ, ಓದುತ್ತೇನೆ' ಎನ್ನುತ್ತಾಳೆ. 'ಹೌದಪ್ಪಾ, ನಾನು ಹೇಳಿದ್ದು ಇದನ್ನೇ' ಎಂದು ಅವಳು ಒಪ್ಪುವಂತೆ ಅವಳ ಕಾರಣಗಳನ್ನು ನೀವು ಹೇಳಬಲ್ಲಿರಾ? ಆಗದಿದ್ದರೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ; ಅವಳ ಬಾಯಿ ಮುಚ್ಚಿಸಿದ್ದೀರಿ ಅಷ್ಟೇ. ಹೇಳುತ್ತಾ ನಿಮ್ಮ ಮನಸ್ಸೇ ಬದಲಾದರೆ ನಾಚಬೇಡಿ. ಇಂದು ಸಂಜೆ ಜಪಸರದ ನಂತರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.